ಮೆಹಿಟಬೆಲ್‌ಳ ಕಲ್ಲು

ಮ್ಯಾಸಚೂಸೆಟ್ಸ್‌ನ ನಮ್ಮ ಊರಲ್ಲಿ ಮೊದಲು ಬಂದು ನೆಲೆಸಿದ ಮನೆತನಗಳಲ್ಲಿ ಥ್ರಾಲ್ ಮನೆತನವೂ ಒಂದು. ಆ ಮನೆಯ ಮಗಳು ಮೆಹಿಟಬೆಲ್ಲೇ ನಮ್ಮ ವಂಶದ ಮೂಲಜ್ಜಿ ಎಂದು ಲೊವೈನಾ ಅತ್ತೆಯ ನಂಬಿಕೆ. ಮೊದಲ ವಲಸಿಗರ ವಂಶಸ್ಥರ ಸಂಘಕ್ಕೆ ಸೇರಲು ಅವರಿಗೆ ವಂಶವೃಕ್ಷ ಬೇಕಿತ್ತು. ಬರೆದುಕೊಡುವ ಕೆಲಸ ನನ್ನದಾಯಿತು.

ಹಳೆಯ ಸ್ಮಶಾನದಲ್ಲಿ ಮೊಣಕಾಲೆತ್ತರದ ಒಂದು ಗೋರಿಕಲ್ಲು ಸಿಕ್ಕಿತು. ಮೆಹಿಟಬೆಲ್ ಥ್ರಾಲ್, ವಯಸ್ಸು ನಾಲ್ಕು.

"ನಾಲ್ಕು ವರ್ಷಕ್ಕೇ ತೀರ್ಕೊಂಡಿದೆ ಅತ್ತೆ, ಆ ಮಗು. ನಮ್ಮಜ್ಜಿ ಹೇಗಾಗ್ತಾಳೆ?" ಎಂದೆ.

ಅತ್ತೆ ಸೇಬಿನ ಪೈ ಕತ್ತರಿಸುತ್ತಿದ್ದರು. "ಆ ಕಲ್ಲನ್ನ ಬೇರೆ ಯಾರು ನೋಡಿದಾರೆ, ಹೈರಮ್? ನನಗೆ ಎಂಬತ್ತಾಯ್ತು. ಇದೊಂದು ಮಾಡ್ಕೊಡೋ."

ಸಂಘದವರು ಪರಿಶೀಲನೆಗೆ ಬರುವ ಮುಂಚೆ ನಾನೇ ಕಲ್ಲನ್ನು ಬೋರಲು ಮಲಗಿಸಿ, ಮೇಲೆ ಹುಲ್ಲಿನ ಹೆಂಟೆ ಹೊದಿಸಿದೆ. ಮೆಹಿಟಬೆಲ್‌ಗೆ ಒಬ್ಬ ಗಂಡ, ಏಳು ಮಕ್ಕಳು, ಎಂಬತ್ತೊಂದು ವರ್ಷದ ಆಯಸ್ಸು ಬರೆದುಕೊಟ್ಟೆ.

ಮುಂದಿನ ಆಗಸ್ಟ್‌ನಲ್ಲಿ ಮನಸ್ಸು ತಡೆಯದೆ ಹೋಗಿ ಹುಲ್ಲು ಸರಿಸಿದೆ. ನಡುಮಧ್ಯಾಹ್ನದ ಬಿಸಿಲಿನಲ್ಲೂ ಮಣ್ಣು ಕೊರೆಯುವಷ್ಟು ತಣ್ಣಗಿತ್ತು. ಕಲ್ಲು ಎತ್ತಿ ನೋಡಿದರೆ ವಯಸ್ಸು ಐದು ಎಂದಿತ್ತು. ಅಕ್ಷರದ ಮೇಲೆ ಬೆರಳಾಡಿಸಿದೆ. ಆಗಷ್ಟೇ ಕೆತ್ತಿದ ಹಾಗೆ ಬೂದು ಪುಡಿ ಅಂಟಿತು.

ಆಗಲೇ ಕಲ್ಲನ್ನು ನೆಟ್ಟಗೆ ನಿಲ್ಲಿಸಿ ಎಲ್ಲರಿಗೂ ಹೇಳಿಬಿಡಬೇಕಿತ್ತು. ಆದರೆ ಅತ್ತೆ ಸಂಘದ ಪದಕ ಸಿಕ್ಕಿಸಿಕೊಂಡೇ ಚರ್ಚಿಗೆ ಹೋಗುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ಅವರು ಈಗಿಲ್ಲ. ನಾನು ಇನ್ನೂ ಹೇಳಿಲ್ಲ.

ಈ ಆಗಸ್ಟ್‌ನಲ್ಲಿ ವಯಸ್ಸು ಹದಿಮೂರು ಎಂದಿತ್ತು. ಮತ್ತೆ ಬೋರಲು ಮಲಗಿಸಿದೆ. ಕಲ್ಲನ್ನು ಮುಚ್ಚಲು ಕಳೆದ ವರ್ಷಕ್ಕಿಂತ ನಾಲ್ಕು ಬೆರಳು ಉದ್ದ ಹೆಚ್ಚು ಹುಲ್ಲು ಬೇಕಾಯಿತು.