ಮಿಸ್ ಓರ್ಲೀನ್ ಕೊಂಡ ರಿವಾಲ್ವರ್

ಮಿಸ್ ಓರ್ಲೀನ್ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಅವರ ಮಡಿಲಲ್ಲಿ ಮಗನ ತಲೆ. ಮಗನ ಎದೆಯಲ್ಲಿ ತೂತು.

"ನಾನೇ ಕೊಂದೆ, ಎಲ್ವಿನ್. ಕಳ್ಳ ಅನ್ಕೊಂಡು ಹೊಡೆದ್ಬಿಟ್ಟೆ. ನನ್ನ ರಾಯ್ಸ್‌ನ ನಾನೇ ಕೊಂದ್ಬಿಟ್ಟೆ ಕಣಪ್ಪ."

ಇಪ್ಪತ್ತೆರಡು ವರ್ಷದಿಂದ ನಮ್ಮೂರಿನ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿದ್ದೇನೆ. ಸುಟ್ಟ ಹೆಣ ಎತ್ತಿದ್ದೇನೆ, ನಜ್ಜುಗುಜ್ಜಾದ ಟ್ರಕ್ಕಿನಿಂದ ಮಕ್ಕಳನ್ನು ಎಳೆದಿದ್ದೇನೆ. ಆದರೆ ಆವತ್ತು ಹೊಸ್ತಿಲಲ್ಲೇ ನಿಂತದ್ದು ಹೆಣ ನೋಡಿ ಅಲ್ಲ. ಬಾಗಿಲ ಬಳಿ ಬಿದ್ದಿದ್ದ ರಿವಾಲ್ವರ್ ನೋಡಿ. ಅದನ್ನು ಮೂರು ವಾರದ ಹಿಂದೆ ಮಾರಿದವನು ನಾನೇ. ಊರಲ್ಲಿ ಕೋಳಿ ಆಹಾರ, ಬೇಲಿ ತಂತಿ, ಬಂದೂಕು ಎಲ್ಲ ಸಿಗುವುದು ನನ್ನ ಒಂದೇ ಅಂಗಡಿಯಲ್ಲಿ.

ನನ್ನ ಹಿಂದೆಯೇ ಷೆರಿಫ್ ಕಚೇರಿಯ ತನಿಖಾಧಿಕಾರಿ ಮಾರಿಸೆಲಾ ಬುಸ್ಟೊಸ್ ಒಳಗೆ ಬಂದಳು. ಮೂವತ್ತೈದರ ಹುಡುಗಿ, ಮಾತು ಕಮ್ಮಿ. ಇಬ್ಬರೂ ಹೆದ್ದಾರಿಯಿಂದ ನೇರ ಬಂದಿದ್ದೆವು. ಮಧ್ಯಾಹ್ನ ಎದ್ದ ಧೂಳುಬಿರುಗಾಳಿಗೆ ಅಲ್ಲಿ ಹದಿನಾಲ್ಕು ಗಾಡಿ ಒಂದಕ್ಕೊಂದು ಗುದ್ದಿಕೊಂಡಿದ್ದವು. ಹಲ್ಲಿನ ಸಂದಿಯಲ್ಲೆಲ್ಲ ಇನ್ನೂ ಮರಳು.

ಮಾರಿಸೆಲಾ ಮುದುಕಿಯ ಎದುರು ಮಂಡಿಯೂರಿದಳು.

"ಏನಾಯ್ತು ಹೇಳಿ, ಮಿಸ್ ಓರ್ಲೀನ್. ನಿಧಾನಕ್ಕೆ."

"ಗಾಳಿ ಎದ್ತು. ಕರೆಂಟ್ ಹೋಯ್ತು. ಮೂರು ಗಂಟೆಗೇ ಕಗ್ಗತ್ತಲು. ನಾನು ಮಲಗೋ ಕೋಣೇಲಿದ್ದೆ. ಏನೋ ಢಂ ಅಂತು, ಕೊಟ್ಟಿಗೆ ಬಾಗಿಲು ಬಡ್ಕೊಂಡಿರ್ಬೇಕು ಅನ್ಕೊಂಡೆ. ಆಮೇಲೆ ಹಜಾರದಲ್ಲಿ ಹೆಜ್ಜೆ ಸದ್ದು. 'ರಾಯ್ಸ್ ಏನೋ?' ಅಂತ ಕೂಗ್ದೆ. ಉತ್ತರ ಇಲ್ಲ. ಬಾಗಿಲ ಹಿಡಿ ಗಡಗಡ ಅಂತು. ಬಾಗಿಲು ತೆರೀತು. ಕಪ್ಪಗೆ ಏನೋ ಆಡ್ತು. ಕಣ್ಣು ಮುಚ್ಕೊಂಡು ಹೊಡೆದೆ."

"ಎಷ್ಟು ಸಲ?"

"ಒಂದೇ ಸಲ. ಒಂದೇ ಅನ್ಸುತ್ತೆ. ಕಿವಿ ಗುಂಯ್ ಅಂತು. ಗೋಡೆ ಹಿಡ್ಕೊಂಡು ಬಂದೆ. ಕಾಲಿಗೆ ಇವನು ತಗುಲ್ದ."

ಮುದುಕಿಗೆ ಎಪ್ಪತ್ತಾರು; ಹಿರಿಯ ಹೆಂಗಸರನ್ನು, ಮದುವೆಯಾಗಿ ಮಕ್ಕಳಿದ್ದರೂ, ಗೌರವಕ್ಕೆ 'ಮಿಸ್' ಅನ್ನುವುದು ನಮ್ಮ ಕಡೆಯ ರೂಢಿ. ಎರಡೂ ಕಣ್ಣಿಗೆ ಪೊರೆ. ಮಲಗುವ ಕೋಣೆಯ ಬಾಗಿಲಿಂದ ಹೆಣಕ್ಕೆ ಹತ್ತೇ ಹೆಜ್ಜೆ, ನೇರ ಗೆರೆ. ಇದರಲ್ಲಿ ಪತ್ತೆ ಮಾಡುವುದಕ್ಕೆ ಏನಿದೆ?

"ನನ್ನ ಕರ್ಕೊಂಡ್ ಹೋಗಿ ಜೈಲಿಗೆ ಹಾಕಮ್ಮ" ಎಂದರು ಮಿಸ್ ಓರ್ಲೀನ್. "ಈ ಮನೇಲಿ ನಾನು ಹೆಂಗೆ ಉಸಿರಾಡ್ಲಿ?"

ನಾನು ಅವರನ್ನು ಎಬ್ಬಿಸಿ ಕೈ ತೊಳೆಸಿದೆ. ಮಾರಿಸೆಲಾ ರಿವಾಲ್ವರ್ ಬಿಚ್ಚಿ ನೋಡಿ ಚೀಲಕ್ಕೆ ಹಾಕಿದಳು. ಹಜಾರದಲ್ಲಿ ಬಗ್ಗಿ ಏನನ್ನೋ ಹೆಕ್ಕಿದಳು. ನೀಲಿ ಪ್ಲಾಸ್ಟಿಕ್ಕಿನ ಚೂರು, ಉಗುರಿನಷ್ಟು. ಅದೂ ಚೀಲ ಸೇರಿತು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಮಗಳು ಲನೆಟ್. ಮಿಡ್ಲೆಂಡ್ ಪಟ್ಟಣದಲ್ಲಿ ಮನೆ, ಊರು ಬಿಟ್ಟು ಇಪ್ಪತ್ತು ವರ್ಷ. ಅಂಥ ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ಓಡಿಬಂದು ಎಡಗೈಯಲ್ಲಿ ತಾಯಿಯನ್ನು ತಬ್ಬಿಕೊಂಡಳು.

"ಅಮ್ಮಾ, ಅಳಬೇಡಮ್ಮ. ನೀನು ಬೇಕು ಅಂತ ಮಾಡ್ಲಿಲ್ಲ. ಯಾರೂ ನಿನ್ನ ತಪ್ಪು ಅನ್ನಲ್ಲ."

"ಬೇಗ ಬಂದ್ರಿ" ಎಂದಳು ಮಾರಿಸೆಲಾ.

"ದಾರೀಲೇ ಇದ್ದೆ. ಅಮ್ಮನ್ನ ನೋಡೋಣ ಅಂತ ಹೊರಟಿದ್ದೆ. ಹೆದ್ದಾರೀಲಿ ಅರ್ಧ ಬಂದಿದ್ದೆ, ಅಮ್ಮನ ಫೋನ್ ಬಂತು."

ಮಾರಿಸೆಲಾ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. ಅಷ್ಟೇ.

* * *

ಆ ರಾತ್ರಿ ನನಗೆ ಊಟ ಸೇರಲಿಲ್ಲ, ನಿದ್ದೆಯೂ ಹತ್ತಲಿಲ್ಲ. ಹೆಂಡತಿ "ನೀನೇನು ಮಾಡ್ದೆ, ಮಾರಿದ್ದು ನಿನ್ನ ಕೆಲಸ" ಅಂದಳು. ಹೌದು, ಮಾರಿದ್ದು ನನ್ನ ಕೆಲಸ. ಯಾರ ಕೈಗೆ ಯಾವುದು ಅಂತ ನೋಡಿ ಕೊಡುವುದೂ ನನ್ನದೇ ಕೆಲಸ. ಕಣ್ಣು ಕಾಣದ ಮುದುಕಿಗೆ ಬಂದೂಕು ಬೇಡ, ಒಂದು ಜೋರು ಗಂಟಲಿನ ನಾಯಿ ಸಾಕಿ ಅಂತ ಯಾಕೆ ಹೇಳಲಿಲ್ಲ ನಾನು? ಹಾಳಾದ ನಾಲಿಗೆ ಆವತ್ತು ಎಲ್ಲಿಗೆ ಹೋಗಿತ್ತು?

ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವಾಗಲೇ ಮಾರಿಸೆಲಾ ನಿಂತಿದ್ದಳು. ಕಾಫಿ ಕೊಟ್ಟೆ.

"ಮಗಳೇ, ಒಂದು ಮಾತು" ಎಂದೆ. "ಹೋದ ವಾರ ರಾಯ್ಸ್ ಒಬ್ಬ ಆಳನ್ನ ಓಡಿಸಿದ್ದ. ಎಣ್ಣೆಬಾವಿ ಕಡೆಯೋನು, ಟ್ರಾಯ್ ಅಂತ. 'ನಿನ್ನ ನೋಡ್ಕೋತೀನಿ' ಅಂತ ಇದೇ ಕೌಂಟರ್ ಮುಂದೆ ಬೈದು ಹೋದ. ಅವನೇ ಯಾಕಿರಬಾರ್ದು?"

"ನಂಗೂ ಅನ್ನಿಸ್ತು. ಅವನು ನಿನ್ನೆ ಒಂದೂವರೆಯಿಂದ ಆಸ್ಪತ್ರೇಲಿದಾನೆ. ಹದಿನಾಲ್ಕು ಗಾಡೀಲಿ ಏಳನೇದು ಅವನದು. ಕಾಲು ಮುರಿದಿದೆ. ಎಳೆದು ಹಾಕಿದ್ದೇ ನೀವು."

ಧೂಳು ಮೆತ್ತಿದ ಮುಖ, ನನಗೆ ಗುರುತೇ ಸಿಕ್ಕಿರಲಿಲ್ಲ. ನಾಚಿಕೆಯಾಯಿತು.

"ಬಂದೂಕು ಆರಿಸಿದ್ದು ಹೇಗೆ ಹೇಳಿ, ಮಿಸ್ಟರ್ ಎಲ್ವಿನ್. ಒಂದೂ ಬಿಡದೆ."

ಹೇಳಿದೆ. ತಾಯಿ ಮಗಳು ಇಬ್ಬರೂ ಬಂದಿದ್ದರು. ಕಳ್ಳರ ಕಾಟ ಜಾಸ್ತಿಯಾಗಿದೆ, ಅಮ್ಮನ ಕೈಗೆ ಏನಾದರೂ ಬೇಕು ಅಂದಳು ಲನೆಟ್. ನಾನು ಮೊದಲು ಹಗುರದ ಉದ್ದ ಬಂದೂಕು ತೆಗೆದೆ. ಮುದುಕಿ ಎತ್ತಲಾರದೆ ನಕ್ಕರು, "ಇದನ್ನ ಹಿಡ್ಕೊಳ್ಳೋಕೆ ಕಳ್ಳನ್ನೇ ಕರೀಬೇಕು" ಅಂದರು. ಆಮೇಲೆ ಪಿಸ್ತೂಲು. ಅದರ ಮೇಲ್ಭಾಗ ಹಿಂದಕ್ಕೆ ಎಳೆದರೆ ಮಾತ್ರ ತೋಟಾ ಒಳಗೆ ಕೂರುತ್ತದೆ. ಸಂಧಿವಾತದ ಬೆರಳು, ಎಳೆಯಲು ಆಗಲಿಲ್ಲ. ನಾಲ್ಕು ಬಗೆ ಕೊಟ್ಟೆ, ನಾಲ್ಕೂ ಆಗಲಿಲ್ಲ. ಉಳಿದದ್ದು ರಿವಾಲ್ವರ್. ಎಳೆಯುವುದು ಬೇಡ, ಒತ್ತಿದರೆ ಆಯಿತು. ಅದರಲ್ಲೂ ಲನೆಟ್ ಬೆರಳು ಮಾಡಿ ಒಂದನ್ನೇ ತೋರಿಸಿದಳು. ಐದು ತೋಟಾದ್ದು.

"ಅದೇ ಯಾಕೆ?"

"ತನ್ನ ಹತ್ರಾನೂ ಅದೇ ಇದೆ ಅಂದ್ಲು. ಅದೇ ಕಂಪನಿ, ಅದೇ ಅಳತೆ, ಗುಂಡೂ ಅದೇ. 'ಅಮ್ಮಂಗೆ ನಾನೇ ಕಲಿಸ್ತೀನಿ' ಅಂದ್ಲು. ಎಂಥಾ ಮಗಳು ಅಂತ ನಾನೂ ಹೊಗಳಿದೆ."

"ತೋಟಾ ತುಂಬಿದ್ದು ಲನೆಟ್ಟಾ?"

"ಇಲ್ಲ, ನಾನು. ಶನಿವಾರ ಕೋಳಿ ಆಹಾರ ಇಳಿಸೋಕೆ ಹೋದಾಗ ಮಿಸ್ ಓರ್ಲೀನ್ ಕೇಳಿದ್ರು. ಬೆರಳು ಬಗ್ಗಲ್ಲ ಅಂದ್ರು. ಅಡುಗೆಮನೆ ಮೇಜಿನ ಮೇಲೇ ತುಂಬಿ ಕೊಟ್ಟೆ."

ಮಾರಿಸೆಲಾ ನೀಲಿ ಚೂರಿದ್ದ ಚೀಲವನ್ನು ಕೌಂಟರ್ ಮೇಲೆ ಇಟ್ಟಳು. "ಇದೇನು ಅಂತ ಗೊತ್ತಾ?"

"ಗೊತ್ತಿಲ್ದೆ ಏನು? ಹಾವಿನ ತೋಟಾದ ಮುಚ್ಚಳ."

ನಮ್ಮ ಕಡೆ ಹಳಬರೆಲ್ಲ ಮಾಡುವ ಪದ್ಧತಿ ಅದು. ಮನೆಗೆ ಕಳ್ಳ ಬರುವುದು ಜನ್ಮಕ್ಕೊಮ್ಮೆ, ಬಾಲ ಗಲಗಲ ಆಡಿಸುವ ವಿಷದ ಬುಡುಬುಡಿಕೆ ಹಾವು ಬರುವುದು ವಾರಕ್ಕೊಮ್ಮೆ. ಹಾಗಾಗಿ ರಿವಾಲ್ವರಿನ ಐದು ಗೂಡುಗಳಲ್ಲಿ ಮೊದಲನೆಯದಕ್ಕೆ ಹಾವಿನ ತೋಟಾ. ಅದರೊಳಗೆ ಗುಂಡಿಲ್ಲ. ಸಾಸಿವೆ ಕಾಳಿನಷ್ಟು ಸೀಸದ ಚರೆ, ಮೇಲೆ ನೀಲಿ ಪ್ಲಾಸ್ಟಿಕ್ ಮುಚ್ಚಳ. ಹೊಡೆದರೆ ಚದುರುತ್ತದೆ. ಹಾವು ಸಾಯುತ್ತದೆ, ಮನುಷ್ಯನಿಗೆ ಚರ್ಮ ಚುಚ್ಚುತ್ತದೆ. ಉಳಿದ ನಾಲ್ಕು ನಿಜವಾದ ಗುಂಡು. "ಮೊದಲ್ನೇದು ಹಾವಿಗೆ, ಮಿಸ್ ಓರ್ಲೀನ್" ಅಂತ ಹೇಳಿಯೇ ಬಂದಿದ್ದೆ. ಮುದುಕಿ ಮರೆತಿದ್ದರು.

"ಇದನ್ನ ನಿನ್ನೆ ಯಾಕೆ ಹೇಳ್ಲಿಲ್ಲ?" ಮಾರಿಸೆಲಾಳ ದನಿ ಚುರುಕಾಯಿತು.

"ಹೇಳೋಕೆ ಏನಿತ್ತು? ಎದೇಲಿ ಅಷ್ಟು ದೊಡ್ಡ ತೂತು ಕಂಡೆ. ಮೊದಲು ಚರೆ ಹಾರಿ, ಗಾಬರೀಲಿ ಎರಡನೇದನ್ನೂ ಒತ್ತಿದಾರೆ ಅನ್ಕೊಂಡೆ. ಕಿವಿ ಗುಂಯ್ ಅಂದಿದ್ದಕ್ಕೆ ಗೊತ್ತಾಗಿಲ್ಲ ಅಂತ."

ಅವಳು ಕಾಫಿ ಲೋಟ ಕೆಳಗಿಟ್ಟಳು.

"ಮಿಸ್ಟರ್ ಎಲ್ವಿನ್, ನಾನೇ ಬಿಚ್ಚಿ ನೋಡಿದ್ದು. ಖಾಲಿ ಆಗಿದ್ದು ಒಂದೇ ತೋಟಾ. ಇನ್ನು ನಾಲ್ಕು ಹಾಗೇ ಇದ್ವು. ನಾಲ್ಕೂ ಗುಂಡಿನವು."

ಬೆರಳು ಮಡಚಿ ಎಣಿಸಿದೆ.

ನಾನು ತುಂಬಿದ್ದು ನಾಲ್ಕು ಗುಂಡು. ನಾಲ್ಕೂ ಅಲ್ಲೇ ಇವೆ. ಹಾಗಾದರೆ ರಾಯ್ಸ್ ಎದೆಯೊಳಗೆ ಹೊಕ್ಕಿದ್ದು ಯಾರ ಗುಂಡು?

* * *

ಹತ್ತು ನಿಮಿಷದಲ್ಲಿ ಮಿಸ್ ಓರ್ಲೀನ್ ಮನೆ ತಲುಪಿದೆವು. ಚರ್ಚಿನ ಹೆಂಗಸರು ತಂದ ತಟ್ಟೆಗಳು ಅಡುಗೆಮನೆ ತುಂಬ. ಹುರಿದ ಕೋಳಿ, ಬೀನ್ಸು, ಪೆಕಾನ್ ಬೀಜದ ಸಿಹಿ ಕಡುಬು. ಮಿಸ್ ಓರ್ಲೀನ್ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಿದ್ದರು. ನಿನ್ನೆಯಿಂದ ಹನಿ ನೀರೂ ಮುಟ್ಟಿಲ್ಲವಂತೆ. ಲನೆಟ್ ಎಲ್ಲರಿಗೂ ತಣ್ಣನೆ ಚಹಾ ಹಾಕಿಕೊಡುತ್ತಿದ್ದಳು. ಎಡಗೈಯಲ್ಲಿ.

ಮಾರಿಸೆಲಾ ನನ್ನನ್ನು ಮಲಗುವ ಕೋಣೆಯ ಬಾಗಿಲಿಗೆ ಕರೆದೊಯ್ದಳು. ಟಾರ್ಚ್ ಹಿಡಿದಳು. ಚೌಕಟ್ಟಿನ ಬಿಳಿ ಬಣ್ಣದ ತುಂಬ ಸಣ್ಣ ಸಣ್ಣ ಗುಳಿ, ಸಿಡುಬಿನ ಕಲೆಯ ಹಾಗೆ. ಬಾಗಿಲ ಹಿಡಿಯ ಎತ್ತರಕ್ಕೆ ಮಾತ್ರ ನಾಲ್ಕು ಬೆರಳಗಲ ಜಾಗ ನುಣ್ಣಗಿತ್ತು. ಒಂದು ಗುಳಿಯೂ ಇಲ್ಲ.

"ಇಲ್ಲಿ ಬರಬೇಕಾದ ಚರೆ ಎಲ್ಲಿಗೆ ಹೋಯ್ತು?" ಎಂದು ಪಿಸುಗುಟ್ಟಿದಳು.

ಅದು ಎಲ್ಲಿಗೆ ಹೋಗಿದೆ ಎಂದು ನನಗೂ ಹೊಳೆದಿತ್ತು. ದೇವರೇ, ಹಾಗಾಗದಿರಲಿ ಅಂತಲೇ ಮನಸ್ಸು ಬೇಡುತ್ತಿತ್ತು.

ಅವಳು ಅಡುಗೆಮನೆಗೆ ಬಂದು ಹೆಂಗಸರನ್ನು ಹೊರಗೆ ಕಳಿಸಿದಳು. ಉಳಿದವರು ನಾವು ನಾಲ್ಕೇ ಜನ.

"ಲನೆಟ್, ನಿಮ್ಮ ರಿವಾಲ್ವರ್ ಎಲ್ಲಿ?"

"ಮಿಡ್ಲೆಂಡಲ್ಲಿ. ಮನೇಲಿ. ಯಾಕೆ?"

"ನಿನ್ನೆ ಹೆದ್ದಾರೀಲಿ ಬಂದೆ ಅಂದ್ರಿ."

"ಹೌದು."

"ಹೆದ್ದಾರೀನ ಒಂದು ಗಂಟೆಗೆ ಮುಚ್ಚಿಸಿದ್ದು ನಾನು. ಐದರ ತನಕ ಒಂದು ಸೈಕಲ್ಲೂ ದಾಟಿಲ್ಲ. ಸುತ್ತು ದಾರಿ ಎಂಬತ್ತು ಮೈಲಿ, ಫೋನ್ ಬಂದ್ಮೇಲೆ ಆ ಧೂಳಲ್ಲಿ ಎರಡು ಗಂಟೆ ಬೇಕು. ನೀವು ನಾಲ್ಕಕ್ಕೆ ಇಲ್ಲಿದ್ರಿ. ಅಂದ್ರೆ ಒಂದಕ್ಕೆ ಮುಂಚೇನೇ ಈ ಕಡೆ ಬಂದಿದ್ರಿ."

"ನೀವೇನು ಮಾತಾಡ್ತಿದೀರಿ? ಅಣ್ಣನ್ನ ಕಳ್ಕೊಂಡಿದೀನಿ ನಾನು!"

"ಬಲಗೈ ಅಂಗಿ ತೋಳು ಮೇಲೆ ಸರಿಸಿ."

ಲನೆಟ್ ಬಲಗೈಯನ್ನು ಬೆನ್ನ ಹಿಂದೆ ಸರಿಸಿದಳು. ಮಾರಿಸೆಲಾ ತಾನೇ ಗುಂಡಿ ಬಿಚ್ಚಿ ತೋಳು ಸರಿಸಿದಳು. ಒಳಗೆ ಬಟ್ಟೆ ಸುತ್ತಿತ್ತು. ಬಟ್ಟೆ ಬಿಚ್ಚಿದರೆ, ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಚುಕ್ಕಿ. ಹತ್ತಿಪ್ಪತ್ತಲ್ಲ, ನೂರು. ಊದಿಕೊಂಡು ಕೀವಾಗುತ್ತಿದ್ದವು.

"ಅಯ್ಯೋ ದೇವರೇ!" ಎಂದು ಕೂಗಿದವನು ನಾನೇ.

ಮಾರಿಸೆಲಾ ದನಿ ಎತ್ತದೆ ಒಂದೊಂದೇ ಹೇಳಿದಳು. ಕಳ್ಳರ ಭಯ ಹುಟ್ಟಿಸಿದ್ದು ಲನೆಟ್. ತಾಯಿಗೆ ತನ್ನದರಂಥದ್ದೇ ರಿವಾಲ್ವರ್ ಕೊಡಿಸಿದ್ದು ಲನೆಟ್, ಎರಡರ ಗುಂಡೂ ಒಂದೇ ಥರ ಕಾಣಲಿ ಅಂತ. ಮನೆತನದ ಜಮೀನನ್ನು ಕರೆಂಟಿನ ಗಾಳಿಯಂತ್ರ ನಿಲ್ಲಿಸುವ ಕಂಪನಿಗೆ ಕೊಟ್ಟು ದುಡ್ಡು ಮಾಡಬೇಕೆಂದು ಲನೆಟ್ ಹಟ ಹಿಡಿದಿದ್ದಳು, ರಾಯ್ಸ್ ಒಪ್ಪಿರಲಿಲ್ಲ. ಕೆಲವು ತಿಂಗಳಿಂದ ಅಣ್ಣ ತಂಗಿಗೆ ಮಾತಿಲ್ಲ ಎಂಬುದು ಊರಿಗೇ ಗೊತ್ತಿತ್ತು. ಧೂಳೆದ್ದರೆ ರಾಯ್ಸ್ ಹೊಲದಿಂದ ಮನೆಗೆ ಬರುತ್ತಾನೆಂದು ಅವಳಿಗೆ ಗೊತ್ತು. ಬಿರುಗಾಳಿ ಬರುವುದನ್ನು ರೇಡಿಯೋ ಎರಡು ದಿನದಿಂದ ಹೇಳುತ್ತಿತ್ತು. ಕಾರನ್ನು ಎಲ್ಲೋ ಮರೆಯಲ್ಲಿ ಬಿಟ್ಟು ಕಾದಳು. ಅವನು ಅಡುಗೆಮನೆಗೆ ಕಾಲಿಟ್ಟ ಕೂಡಲೇ ಹೊಡೆದಳು. ಮುದುಕಿಗೆ ಕೇಳಿದ ಢಂ ಸದ್ದು ಅದೇ.

"ಆಮೇಲೆ ಅಮ್ಮನ ಕೋಣೆ ಬಾಗಿಲಿಗೆ ಬಂದ್ರಿ" ಎಂದಳು ಮಾರಿಸೆಲಾ. "ಮೈಯೆಲ್ಲ ಗೋಡೆ ಮರೇಲಿ. ಒಂದು ಕೈ ಮಾತ್ರ ಚಾಚಿ ಬಾಗಿಲು ಅಲ್ಲಾಡಿಸಿದ್ರಿ, ದೂಡಿದ್ರಿ. ಅಮ್ಮ ಹೆದರಿ ಹೊಡೀಲಿ ಅಂತ. ಹೊಡೆದ ಗುಂಡು ಬಾಗಿಲ ಮಧ್ಯ ಹಾಯ್ದು ಹೋಗುತ್ತೆ, ಮರೇಲಿರೋ ನಿಮಗೆ ತಾಗಲ್ಲ ಅಂತ ಲೆಕ್ಕ. ಗುಂಡಾಗಿದ್ರೆ ತಾಗ್ತಿರಲಿಲ್ಲ. ಅದು ಚರೆ, ಚದುರಿತು."

ಲನೆಟ್ ನನ್ನ ಕಡೆ ತಿರುಗಿದಳು. ಮುಖ ಸುಣ್ಣ ಬಳಿದಂತಾಗಿತ್ತು. "ನೀನು ಹಾವಿನ ತೋಟಾ ಹಾಕಿದ್ಯಾ?"

ಅದೊಂದೇ ಮಾತು. ಅಣ್ಣನ ಹೆಸರೆತ್ತಲಿಲ್ಲ, ಅಮ್ಮನ ಕಡೆ ನೋಡಲಿಲ್ಲ. ತಪ್ಪಿದ್ದು ಎಲ್ಲಿ ಎಂಬುದಷ್ಟೇ ಅವಳಿಗೆ ಬೇಕಿತ್ತು. ಚಿಕ್ಕವಳಿದ್ದಾಗ ನನ್ನ ಅಂಗಡಿಯಲ್ಲಿ ಮಿಠಾಯಿ ಕೇಳುತ್ತಿದ್ದ ಹುಡುಗಿ. ಹೆತ್ತವಳ ಕೈಯಲ್ಲಿ ಬಂದೂಕು ಕೊಟ್ಟು, ಹೆತ್ತವಳ ತಲೆಗೇ ಕೊಲೆ ಕಟ್ಟಿದ್ದಳಲ್ಲ!

ಮಾರಿಸೆಲಾ ಬೇಡಿ ತೊಡಿಸಿ ಹೊರಗೆ ಕರೆದೊಯ್ದಳು. ಆಮೇಲೆ ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿ ಚಕ್ರದ ಕೆಳಗೆ ರಿವಾಲ್ವರ್ ಸಿಕ್ಕಿತು.

ನಾನು ಮಿಸ್ ಓರ್ಲೀನ್ ಮುಂದೆ ಕೂತೆ. ಅವರ ಗಂಟು ಗಂಟಾದ ಕೈಗಳನ್ನು ಹಿಡಿದುಕೊಂಡೆ. ನಿನ್ನೆ ಮಧ್ಯಾಹ್ನದಿಂದ ಈ ಹೆಂಗಸು ಮಗನನ್ನು ಕೊಂದ ಪಾಪ ಹೊತ್ತು ಕೂತಿದ್ದರು. ಅದನ್ನು ಇಳಿಸುವ ಮಾತು ನನ್ನ ಬಾಯಲ್ಲಿತ್ತು. ಕಣ್ಣಲ್ಲಿ ನೀರು ಬಂತು.

"ಕೇಳಿಸ್ತಾ ಮಿಸ್ ಓರ್ಲೀನ್? ನೀವು ಕೊಂದಿಲ್ಲ. ರಾಯ್ಸ್‌ಗೆ ನಿಮ್ಮ ಕೈಯಿಂದ ಏನೂ ಆಗಿಲ್ಲ. ನಿಮ್ಮ ಮೇಲೆ ಯಾವ ತಪ್ಪೂ ಇಲ್ಲ."

ಮುದುಕಿ ನನ್ನನ್ನೇ ನೋಡಿದರು. ಕೈ ಬಿಡಿಸಿಕೊಂಡರು.

"ಯಾಕಪ್ಪ ಹೇಳ್ದೆ?" ಎಂದರು. "ನಾನೇ ಕೊಂದೆ ಅಂತ ಇದ್ದಿದ್ರೆ, ಮಗಳಾದ್ರೂ ಉಳೀತಿದ್ಲು ನಂಗೆ."