ಕುಲಾವಿ ತೊಟ್ಟ ಚುಕ್ಕೆಜೋಳ

ಬೆಟ್ಟಗಳು ಒಂದಕ್ಕೊಂದು ಮಾತಾಡುತ್ತಿದ್ದ ಕಾಲದಲ್ಲಿ, ಹೊಂಬಾಳೆಪುರ ಅಂತ ಒಂದು ರಾಜ್ಯ. ಅಲ್ಲಿಗೆ ತಾಮ್ರಜಟನೆಂಬ ಮಂತ್ರವಾದಿ ಬಂದ. ಬಂದವನೇ ಮನೆಮನೆಗೂ ಚಿನ್ನದ ಬಣ್ಣದ ಮುಸುಕಿನ ಜೋಳ ಹಂಚಿದ.

"ನಿಮ್ಮ ಹಳೇ ಬೀಜ ಬಿಸಾಕಿ, ಇದನ್ನು ಬಿತ್ತಿ" ಅಂದ.

ಬಿತ್ತಿದರು. ತೆನೆ ಸಕ್ಕರೆಯಂತಿತ್ತು. ಆದರೆ ತಿಂದವರ ನಾಲಿಗೆಯಿಂದ "ಹೌದು" ಅನ್ನುವುದೊಂದು ಬಿಟ್ಟು ಬೇರೆ ಮಾತೇ ಹೊರಡದಾಯಿತು. ರಾಜ ಮಂದಪಾಲನೂ ತಿಂದ.

"ನಿನ್ನ ಆನೆ ನನಗೆ ಕೊಡ್ತೀಯಾ?" ಅಂದ ಮಂತ್ರವಾದಿ.

"ಹೌದು."

"ನಿನ್ನ ಅರಮನೆ?"

"ಹೌದು."

ಉಳಿದದ್ದು ಕಿರೀಟ. ಅದನ್ನು ಸುಗ್ಗಿಯ ದಿನ ಎಲ್ಲರೆದುರು ಕೇಳೋಣ ಅಂತ ಮಂತ್ರವಾದಿ ಮೀಸೆ ತಿರುವಿದ.

ಊರಂಚಿನಲ್ಲಿ ಸಾವಂತ್ರವ್ವ ಅಂತ ಒಬ್ಬ ಸೊಸೆ, ಗದಿಗೆವ್ವ ಅಂತ ಅವಳ ಅತ್ತೆ. ಸೊಸೆ ಬೇಯಿಸಿದಳೆಂದು ಅತ್ತೆ ಆ ಜೋಳ ತಿನ್ನಲಿಲ್ಲ; ಅತ್ತೆ ಮೂಗು ಮುರಿದಳೆಂದು ಸೊಸೆ ತಿನ್ನಲಿಲ್ಲ. ಪಾಪ, ಗಂಡ ಗುರುಸಿದ್ಧ ಇಬ್ಬರ ಪಾಲನ್ನೂ ತಿಂದ.

"ನಿನ್ನ ಹೆಂಡತಿಯದೇ ತಪ್ಪಲ್ಲವೇನೋ?" ಅಂದಳು ಅತ್ತೆ. "ಹೌದು" ಅಂದ.

"ನಿಮ್ಮ ಅವ್ವನದೇ ತಪ್ಪಲ್ಲವೇ?" ಅಂದಳು ಸೊಸೆ. "ಹೌದು" ಅಂದ.

ಮೊದಮೊದಲು ಇಬ್ಬರಿಗೂ ಹಿಗ್ಗೋ ಹಿಗ್ಗು. ಆಮೇಲೆ ಬೇಜಾರು. ಕಡೆಗೆ ಭಯ. "ನಾನು ತವರಿಗೆ ಹೋಗಿ ಅಲ್ಲೇ ಇದ್ದುಬಿಡಲಾ?" ಅಂತ ಸಾವಂತ್ರವ್ವ ರೇಗಿದಳು. "ಹೌದು" ಅಂದ ಗುರುಸಿದ್ಧ. ಅವನ ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು.

ಆಗ ಒಲೆಯ ಮೇಲೆ, ಹೊಗೆಯಲ್ಲಿ ತೂಗುಬಿಟ್ಟಿದ್ದ ಹಳೇ ಚುಕ್ಕೆಜೋಳದ ತೆನೆ ಬಾಯಿಬಿಟ್ಟಿತು. ಬೀಜಕ್ಕೆಂದು ಉಳಿದದ್ದು ಅದೊಂದೇ. "ನನ್ನ ಕಾಳು ತಿಂದರೆ ಮಂತ್ರ ಬಿಡುತ್ತದೆ ತಾಯಿ. ಈಗಲೇ ಬೇಯಿಸಿದರೆ ನಿನ್ನ ಗಂಡನಿಗೆ ಸಾಕು. ಬಿತ್ತಿ ಬೆಳೆದರೆ ಊರಿಗೇ ಸಾಕು."

ಸಾವಂತ್ರವ್ವ ಗಂಡನ ಮುಖ ನೋಡಿದಳು. "ಬೇಯಿಸಲಾ?" "ಹೌದು." "ಬಿತ್ತಲಾ?" "ಹೌದು." ಏನು ಮಾಡುವುದೋ ತಿಳಿಯದೆ ನಿಂತಳು. ಗುರುಸಿದ್ಧ ಎದ್ದುಹೋಗಿ ಗುದ್ದಲಿ ತಂದ.

ಹಿತ್ತಲಿನ ಒಂದು ಮಡಿಯಲ್ಲಿ ಕಾಳು ಊರಿದರು. ಸುತ್ತ ಅವರೆ, ಕುಂಬಳ ಹಾಕಿದರು.

ಸುದ್ದಿ ತಿಳಿದ ಮಂತ್ರವಾದಿ ಮೊದಲು ಕರುವಿನಷ್ಟು ದೊಡ್ಡ ಹೆಗ್ಗಣವನ್ನು ಕಳಿಸಿದ. ಹೆಗ್ಗಣ ಬುದ್ಧಿವಂತ, ಒಡೆಯನ ಜೋಳ ಮೂಸಿಯೂ ನೋಡಿರಲಿಲ್ಲ. "ಬೀಜ ಎಲ್ಲಿದೆ?" ಅಂತ ಗದರಿತು.

"ಬಾವಿಕಟ್ಟೆ ಹತ್ತಿರ" ಅಂದಳು ಸೊಸೆ.

"ಸುಳ್ಳಿ! ಬೇಲಿ ಹತ್ತಿರ" ಅಂದಳು ಅತ್ತೆ.

"ಊರಿದವಳು ನಾನು, ನನಗೆ ಗೊತ್ತಿಲ್ಲವಾ?"

"ಉಪ್ಪಿನ ಮಡಕೆ ಎಲ್ಲಿಟ್ಟೆ ಅಂತಲೇ ನಿನಗೆ ಗೊತ್ತಿರಲ್ಲ!"

ಜಗಳ ಬೆಳೆಯಿತು. ಒಬ್ಬರು ಅಂದಕಡೆಯೆಲ್ಲ ಹೆಗ್ಗಣ ಅಗೆಯಿತು, ಇನ್ನೊಬ್ಬರು ಅಂದಕಡೆಯೆಲ್ಲ ಅಗೆಯಿತು. ಮಡಿಯೊಂದನ್ನು ಬಿಟ್ಟು ಹಿತ್ತಲೆಲ್ಲ ಉತ್ತಂತಾಯಿತು. ಕೊನೆಗೆ ಕಿವಿ ಮುಚ್ಚಿಕೊಂಡು, "ನಿಮ್ಮ ಸಹವಾಸ ಸಾಕು!" ಅಂತ ಕಾಡಿಗೆ ಓಡಿತು.

ಪೈರು ಸೊಂಟದೆತ್ತರ ಬಂತು. ಮಂತ್ರವಾದಿ ಕಬ್ಬಿಣದ ಕೋರೆಯ ಹಂದಿಯನ್ನು ಕಳಿಸಿದ. ಹಂದಿ ನುಗ್ಗಿತು, ಕುಂಬಳದ ಬಳ್ಳಿ ಕಾಲಿಗೆ ಸುತ್ತಿ ದೊಪ್ಪನೆ ಬಿತ್ತು. ಸಾವಂತ್ರವ್ವ ಒನಕೆ ಎತ್ತಿದಳು. "ಹಾಳು ಮಾಡೋಕೆ ಬಂದೆಯಾ?"

"ಹೌದು" ಅಂತು ಹಂದಿ.

ಸಾವಂತ್ರವ್ವ ಒನಕೆ ಇಳಿಸಿದಳು. "ಅಯ್ಯೋ, ನೀನೂ ತಿಂದಿದ್ದೀಯಾ? ಹಾಗಾದರೆ ಬೇಲಿ ಪಕ್ಕ ಕೂತು ಕಾವಲು ಕಾಯ್ತೀಯಾ?"

"ಹೌದು."

"ಬಚ್ಚಲ ಗುಂಡಿ ತೋಡಿಕೊಡ್ತೀಯಾ?" ಅಂದಳು ಅತ್ತೆ, ಸಿಕ್ಕಿದ್ದೇ ಸಮಯವೆಂದು.

"ಹೌದು."

ಪೈರಿನ ನೆತ್ತಿಯಲ್ಲಿ ಸೂಲಂಗಿ ಹೂವು ಮೂಡಿತು, ಎಳೆ ತೆನೆಗೆ ರೇಷ್ಮೆಯಂಥ ಕೂದಲು ಬಂತು. ಈ ಸಲ ಮಂತ್ರವಾದಿ ಗಾಳಿಯನ್ನು ಕಳಿಸಿದ. ಆ ಗಾಳಿಯ ತುಂಬ ಚಿನ್ನದ ಜೋಳದ ಹೂವಿನ ಹುಡಿ. ಅದು ತೆನೆಗೂದಲಿಗೆ ತಗುಲಿದರೆ ಚುಕ್ಕೆಜೋಳದ ಹೊಟ್ಟೆಯಲ್ಲೂ ಮಂತ್ರದ ಕಾಳೇ ಕಟ್ಟುತ್ತದೆ. ಗಾಳಿಯನ್ನು ಒನಕೆಯಲ್ಲಿ ಹೊಡೆಯಲಾದೀತೇ? ಸಾವಂತ್ರವ್ವ ಕೈಚೆಲ್ಲಿ ಕೂತಳು.

ಗದಿಗೆವ್ವ ಒಳಗೆ ಹೋದಳು. ಪೆಟ್ಟಿಗೆಯಿಂದ ಒಂದು ಗಂಟು ತಂದು ಸೊಸೆಯ ಮಡಿಲಿಗೆ ಹಾಕಿದಳು. ಗಂಟಿನ ತುಂಬ ಪುಟ್ಟ ಪುಟ್ಟ ಕುಲಾವಿಗಳು.

"ಮೊಮ್ಮಕ್ಕಳಿಗೆ ಅಂತ ಹೊಲಿದಿಟ್ಟಿದ್ದೆ" ಅಂದಳು ನೆಲ ನೋಡುತ್ತಾ. "ಕೂಸು ಬಂದಾಗ ಬೇರೆ ಹೊಲಿದರಾಯಿತು. ತಗೋ, ಈ ತೆನೆಗಳಿಗೆ ಕಟ್ಟು."

"ಅತ್ತೆ..." ಅಂದಳು ಸಾವಂತ್ರವ್ವ. ಕುಲಾವಿಗಳನ್ನು ಬಾಚಿಕೊಂಡು ಎದ್ದಳು.

ಒಂದೊಂದು ತೆನೆಗೂ ಕುಲಾವಿ ತೊಡಿಸಿ ದಾರ ಬಿಗಿದರು. ಗಾಳಿ ಬಂತು, ಬೀಸಿತು, ಎಳೆದಾಡಿತು, ಸುಸ್ತಾಗಿ ಹೋಯಿತು. ಗಾಳಿ ಅಡಗಿದ ಮೇಲೆ ಮಡಿಯ ಸೂಲಂಗಿಗಳ ಮೇಲೆ ಗಾಳಿ ತಂದು ಸುರಿದ ಚಿನ್ನದ ಹುಡಿಯನ್ನು ತೊಳೆದು, ಮರುದಿನ ಅರಳಿದ ಹೊಸ ಹೂವಿನ ಹುಡಿಯನ್ನು ಮೊರಕ್ಕೆ ಕೊಡವಿ, ಕುಲಾವಿ ಎತ್ತಿ ತಮ್ಮ ಕೈಯಾರೆ ಕೂದಲಿಗೆ ಸವರಿದರು. ಕಾಳು ಕಟ್ಟಿತು. ಕೆಂಪು, ಕಪ್ಪು, ನೀಲಿ ಚುಕ್ಕೆಯ ಕಾಳು.

ಸುಗ್ಗಿಯ ದಿನ ಬಂತು. ಸಿಂಹಾಸನದ ಮುಂದೆ ಮಂತ್ರವಾದಿ ತಲೆ ಬಾಗಿಸಿ ನಿಂತು, "ಕಿರೀಟ ಕೊಡ್ತೀಯಾ?" ಅಂದ. ರಾಜ "ಹೌ..." ಅಂತ ಬಾಯಿ ತೆರೆದ. ಅಷ್ಟರಲ್ಲಿ ಹಂದಿಯ ಬೆನ್ನೇರಿ ಬಂದ ಸಾವಂತ್ರವ್ವ ಆ ಬಾಯಿಗೆ ಸುಟ್ಟ ತೆನೆ ತುರುಕಿದಳು.

ರಾಜ ಅಗಿದ. ನುಂಗಿದ. ತೇಗಿದ.

"ಇಲ್ಲ!" ಅಂದ.

ಮಂತ್ರವಾದಿ ಒಂದು ಗೇಣು ಕುಗ್ಗಿದ. ಗದಿಗೆವ್ವ ಬುಟ್ಟಿ ಹೊತ್ತು ಮಂದಿಗೆಲ್ಲ ತೆನೆ ಹಂಚಿದಳು. ಸಭೆಯೆಲ್ಲ "ಇಲ್ಲ, ಇಲ್ಲ, ಇಲ್ಲ!" ಅಂತ ಕೂಗಿತು. ಕೂಗಿದ ಹಾಗೆಲ್ಲ ಅವನು ಕುಗ್ಗಿ ಕುಗ್ಗಿ, ತೆನೆಹುಳುವಾಗಿ ಹರಿದಾಡಿದ. ಅರಮನೆಯ ಹುಂಜ ಬಂದು ಗುಳುಕ್ಕನೆ ನುಂಗಿತು.

ಗುರುಸಿದ್ಧನೂ ತಿಂದ. ಅತ್ತೆ ಸೊಸೆ ಇಬ್ಬರೂ ಅವನ ಬಾಯನ್ನೇ ನೋಡಿದರು.

"ಇನ್ನೊಂದು ತೆನೆ ಕೊಡಿ" ಅಂದ. "ಇದಕ್ಕೆ ಉಪ್ಪು ಕಡಿಮೆ."

ಆ ಮಾತಿಗೆ ಇಬ್ಬರೂ ತಬ್ಬಿಕೊಂಡು ಅತ್ತರು. ರಾಜ ತನ್ನ ಹೂದೋಟದಲ್ಲೇ ಚುಕ್ಕೆಜೋಳ ಬಿತ್ತಿಸಿದ. ಮನೆಗೊಂದು ಹಿಡಿ ಬೀಜ ಹೋಯಿತು, ಹಿತ್ತಲು ಹಿತ್ತಲಲ್ಲಿ ತೆನೆ ತೂಗಿತು. ಅವರು ಅಲ್ಲಿ ಸುಟ್ಟ ತೆನೆ ಕಡಿಯುತ್ತಾ ಸುಖವಾಗಿದ್ದಾರೆ. ನಾವಿಲ್ಲಿ ಬರೀ ಕತೆ ಕೇಳಿ ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದೇವೆ.