ಎಡಗಡೆಯ ಜೋಕು

"ಹಾಗಲ್ಲ, ಹೀಗೆ!" ಬುಗುರಿ ರಿಬ್ಬನ್ ಕಿತ್ತುಕೊಂಡಳು. "ಗಂಟು ಮುಂದೆ ಬರಬೇಕು. ಪಕ್ಕಕ್ಕೆ ಬಂದ್ರೆ ಕಾಲಿಗೆ ಒತ್ತುತ್ತೆ."

ಹೊಸ ಹುಡುಗಿ ಕಾಲು ಚಾಚಿದಳು. ಬುಗುರಿ ತನ್ನ ಎಡಗಾಲನ್ನೂ ಅವಳ ಬಲಗಾಲನ್ನೂ ಸೇರಿಸಿ ಬಿಗಿದಳು. ಶನಿವಾರ ಮೂರು ಕಾಲಿನ ಓಟ. ಒಂದೇ ಬೆಂಚಿನಲ್ಲಿ ಕೂರುವವರು ಒಂದು ಜೋಡಿ ಎಂದು ಪಿ.ಟಿ. ಸಾರ್ ಹೇಳಿಬಿಟ್ಟಿದ್ದರು.

"ಏ ಬುಗುರಿ!" ಹಿಂದಿನ ಬೆಂಚಿನ ಹುಡುಗ ಮೈದಾನದ ತುದಿಯಿಂದ ಕೂಗಿದ. "ಆಚೆಯವಳ ಜೊತೆ ಓಡ್ತೀಯಾ? ಗೆದ್ದ ಹಾಗೇ ಬಿಡು!"

ಆಚೆ ಎಂದರೆ ನದಿಯ ಆಚೆ. ನದಿಯ ಈಚೆ ಒಂದು ದೇಶ, ಆಚೆ ಇನ್ನೊಂದು ದೇಶ. ಆಚೆಯವರು ಎಲ್ಲದರಲ್ಲೂ ನಿಧಾನ ಎಂದು ಈಚೆಯವರೆಲ್ಲ ಹೇಳುತ್ತಿದ್ದರು. ಹೊಸ ಹುಡುಗಿ ಈ ವರ್ಷವಷ್ಟೇ ಆಚೆಯಿಂದ ಬಂದಿದ್ದಳು.

ಮೈದಾನದಲ್ಲಿ ಎಲ್ಲರೂ ನಕ್ಕರು. ಬುಗುರಿಗೆ ಇದಕ್ಕಿಂತ ದೊಡ್ಡ ನಗು ತರಿಸುವ ಜೋಕು ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳದೆ ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಆಗದ ಕೆಲಸ.

"ಆಚೆ ದೇಶದಲ್ಲಿ ಪೊಲೀಸರು ಒಂದು ಬಸವನಹುಳುವನ್ನ ಹಿಡಿದ್ರಂತೆ. ಯಾಕೆ ಗೊತ್ತಾ? ಓವರ್‌ಸ್ಪೀಡ್!"

"ಬಸವನಹುಳುನಾ?"

"ಹೂಂ! ಆ್ಯಂಬುಲೆನ್ಸನ್ನ ಓವರ್‌ಟೇಕ್ ಮಾಡಿತ್ತಂತೆ!"

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ ಹುಡುಗಿಯೂ ನಕ್ಕಳು. ಬುಗುರಿ ಅದನ್ನು ಚೆನ್ನಾಗಿ ನೋಡಿದಳು. ಅವಳ ತುಟಿ ಅಗಲವಾಗಿತ್ತು, ಹಲ್ಲು ಕಾಣುತ್ತಿತ್ತು. ಅದು ನಗುವೇ.

ಆಮೇಲೆ ಅವಳು ಬಗ್ಗಿ ರಿಬ್ಬನ್ ಬಿಚ್ಚಿದಳು. ಅದನ್ನು ನೀಟಾಗಿ ಸುತ್ತಿ ಬುಗುರಿಯ ಕೈಗಿಟ್ಟಳು. "ನಾನು ಓಡಲ್ಲ" ಎಂದಳು.

ಅಷ್ಟರಲ್ಲಿ ಬೆಲ್ ಆಯಿತು. ತರಗತಿಗೆ ಹೋಗುವಾಗ ಯಾರೋ ಹಿಂದಿನಿಂದ ಸೈರನ್ ಸದ್ದು ಮಾಡಿದರು. ಸಂಜೆಯೊಳಗೆ ಹೊಸ ಹುಡುಗಿಗೆ 'ಆ್ಯಂಬುಲೆನ್ಸ್' ಎಂಬ ಹೆಸರು ಅಂಟಿಕೊಂಡಿತ್ತು. ಬೆಂಚಿನ ಮೇಲೆ ಅವಳು ಗೋಡೆಯ ಕಡೆಗೆ ಎಷ್ಟು ಸರಿದು ಕೂತಿದ್ದಳೆಂದರೆ, ನಡುವೆ ಇನ್ನೊಬ್ಬರು ಕೂರಬಹುದಿತ್ತು.

ಬುಗುರಿಗೆ ತಲೆಬುಡ ಅರ್ಥವಾಗಲಿಲ್ಲ. ನಕ್ಕವಳು ಸಿಟ್ಟಾಗುವುದು ಹೇಗೆ? ಸಿಟ್ಟಾದವಳು ನಕ್ಕಿದ್ದು ಹೇಗೆ?

ಜೋಕಿನಲ್ಲೇ ಏನೋ ತಪ್ಪಿರಬೇಕು ಎಂದುಕೊಂಡು, ಮನೆಯಲ್ಲಿ ಅದನ್ನು ಮತ್ತೆ ಹೇಳಿ ನೋಡಿದಳು. ಅಪ್ಪನ ಅಂಗಡಿಯ ಟವೆಲ್‌ಗಳನ್ನು ಮಡಚುತ್ತಿದ್ದ ಅಮ್ಮ, "ಹಳೇ ಜೋಕು" ಎಂದಳು. ಅಜ್ಜಿ ಮಾತ್ರ ಗಂಭೀರವಾಗಿ ಕೇಳಿ, "ಅಲ್ವೇ, ಆ್ಯಂಬುಲೆನ್ಸ್ ಒಳಗಿದ್ದವರ ಗತಿ ಏನಾಯ್ತು?" ಎಂದು ವಿಚಾರಿಸಿದಳು.

ಬುಗುರಿ ಆ ಜೋಕು ಕಲಿತದ್ದು ಅಪ್ಪನ ಕಟಿಂಗ್ ಶಾಪಿನಲ್ಲಿ. ಅಲ್ಲಿದ್ದದ್ದು ತಿರುಗುವ ಕುರ್ಚಿ ಒಂದೇ. ಅದರ ಮುಂದೆ ಗೋಡೆಯಗಲದ ಕನ್ನಡಿ, ಹಿಂದೆ ಕಾಯುವವರಿಗೆ ಒಂದು ಬೆಂಚು. ಶಾಲೆ ಬಿಟ್ಟ ಮೇಲೆ ಬುಗುರಿ ನೆಲದ ಕೂದಲು ಗುಡಿಸಿ ಅದೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಅವಳ ಕೂದಲನ್ನೂ ಅಪ್ಪನೇ ಮೋಟಾಗಿ ಕತ್ತರಿಸುತ್ತಿದ್ದ. ಕತ್ತರಿಸಿದ ದಿನವೆಲ್ಲ ಕಾಲರ್ ಒಳಗೆ ಒಂದು ಸಣ್ಣ ಕೂದಲು ಚುಚ್ಚುತ್ತಲೇ ಇರುತ್ತಿತ್ತು. ಎಷ್ಟು ಹುಡುಕಿದರೂ ಕೈಗೆ ಸಿಗುತ್ತಿರಲಿಲ್ಲ.

ಶಾಪಿಗೆ ಬರುತ್ತಿದ್ದ ಲಾರಿ ಡ್ರೈವರ್ ಮಾಮ ಆಚೆಯವನು. ಹೊಸ ಹುಡುಗಿಯ ಅಪ್ಪ. ಮನೆಯವರನ್ನು ಈಚೆಗೆ ಕರೆತರುವ ಮೊದಲಿನಿಂದಲೂ, ಸರಕು ಇಳಿಸಲು ಬಂದಾಗಲೆಲ್ಲ ಇಲ್ಲೇ ಕಟಿಂಗ್ ಮಾಡಿಸುತ್ತಿದ್ದ. ಅವನಿಗೂ ಅಪ್ಪನಿಗೂ ಒಂದು ಪದ್ಧತಿ ಇತ್ತು. ತಲೆಯ ಬಲಗಡೆ ಕತ್ತರಿ ಆಡುವಾಗ ಅಪ್ಪ ಆಚೆಯವರ ಮೇಲೆ ಒಂದು ಜೋಕು ಹೇಳಬೇಕು. ಎಡಗಡೆಗೆ ಬಂದಾಗ ಡ್ರೈವರ್ ಮಾಮ ಈಚೆಯವರ ಮೇಲೆ ಒಂದು ಜೋಕು ಹೇಳಬೇಕು. ಇಬ್ಬರೂ ಎಷ್ಟು ನಗುತ್ತಿದ್ದರೆಂದರೆ, ಅಪ್ಪ ಕತ್ತರಿ ಕೆಳಗಿಟ್ಟು ಕಣ್ಣು ಒರೆಸಿಕೊಳ್ಳಬೇಕಾಗುತ್ತಿತ್ತು.

ಮರುದಿನ ಬುಗುರಿ ಶಾಪಿಗೆ ಬರುವಾಗ ಕುರ್ಚಿಯಲ್ಲಿ ಡ್ರೈವರ್ ಮಾಮನೇ ಕೂತಿದ್ದ. ಕುತ್ತಿಗೆಯವರೆಗೆ ಬಿಳಿ ಬಟ್ಟೆ. ಬೆಂಚಿನ ಮೇಲೆ ಕೋಟು ಹಾಕಿಕೊಂಡ ಗಿರಾಕಿಯೊಬ್ಬರು ಪೇಪರ್ ಓದುತ್ತಿದ್ದರು. ಅಪ್ಪ ಬಲಗಡೆ ಮುಗಿಸುತ್ತ ತನ್ನ ಜೋಕು ಹೇಳಿ ಆಗಿತ್ತು. ಇಬ್ಬರೂ ಇನ್ನೂ ನಗುತ್ತಿದ್ದರು.

ಕೋಟಿನವರು ಪೇಪರ್ ಕೆಳಗಿಳಿಸಿದರು. "ಅಯ್ಯೋ, ಆಚೆಯವರದ್ದಾ? ನನ್ನ ಹತ್ರಾನೂ ಒಂದಿದೆ ಕೇಳಿ. ಒಂದು ಬಸವನಹುಳು ಓವರ್‌ಸ್ಪೀಡಲ್ಲಿ ಹೋಗ್ತಿತ್ತಂತೆ..."

ಅದೇ ಜೋಕು! ಅವರು ಅದನ್ನು ಚೆನ್ನಾಗಿಯೇ ಹೇಳಿದರು. ಡ್ರೈವರ್ ಮಾಮ "ಹ್ಹ ಹ್ಹ" ಎಂದ. ಕೋಟಿನವರಿಗೆ ಕಂಡದ್ದು ಅವನ ಬೆನ್ನು. ಅಪ್ಪ ಬಾಚಣಿಗೆ ತೊಳೆಯಲು ಆ ಕಡೆ ತಿರುಗಿದ್ದ. ಬೆಂಚಿನ ತುದಿಯಿಂದ ಬುಗುರಿಗೆ ಮಾತ್ರ ಕನ್ನಡಿ ಪೂರ್ತಿ ಕಾಣುತ್ತಿತ್ತು.

ಕನ್ನಡಿಯಲ್ಲಿದ್ದ ಡ್ರೈವರ್ ಮಾಮನ ತುಟಿ ಅಗಲವಾಗಿತ್ತು. ಹಲ್ಲು ಕಾಣುತ್ತಿತ್ತು. ಕಣ್ಣು ಮಾತ್ರ ಬಿಳಿ ಬಟ್ಟೆಯ ಮೇಲೆ ಬಿದ್ದ ಕೂದಲನ್ನು ನೋಡುತ್ತಿತ್ತು.

ಮೈದಾನದಲ್ಲಿ ಕಂಡದ್ದು ಇದೇ ನಗು.

ಬುಗುರಿಗೆ ಇನ್ನೂ ಗೊಂದಲವಾಯಿತು. ಈಗ ತಾನೇ ಅಪ್ಪನ ಜೋಕಿಗೆ ಕುರ್ಚಿ ಅಲುಗಾಡುವಂತೆ ನಕ್ಕವನು ಇವನೇ ಅಲ್ಲವೇ?

ಅಪ್ಪ ಎಡಗಡೆಗೆ ಬಂದ. ಕತ್ತರಿ ಚಕಚಕ ಎಂದಿತು.

"ಏನು ಗುರೂ, ನಿನ್ನ ಪಾಳಿ" ಎಂದ ಅಪ್ಪ.

"ಇವತ್ತು ಯಾವ್ದೂ ನೆನಪಾಗ್ತಿಲ್ಲ ಕಣಯ್ಯಾ."

ಕತ್ತರಿ ಗಾಳಿಯಲ್ಲೇ ನಿಂತಿತು. ಅಪ್ಪ ಒಮ್ಮೆ ಕನ್ನಡಿಯನ್ನು, ಒಮ್ಮೆ ಬೆಂಚನ್ನು ನೋಡಿದ.

ಬುಗುರಿಗೆ ಆ ಮೌನ ತಡೆಯಲಾಗಲಿಲ್ಲ. "ಮಾಮ, ಹೋದ ಸಲ ಹೇಳಿದ್ರಲ್ಲ, ಬಾವಿದು! ನಾನು ಹೇಳ್ತೀನಿ" ಎಂದು ಎದ್ದು ನಿಂತಳು. "ಈಚೆಯವನೊಬ್ಬ ಬಾವಿಗೆ ಬಿದ್ದನಂತೆ. ಮೇಲಿಂದ ಹಗ್ಗ ಬಿಟ್ಟು, ಹಿಡ್ಕೋಪ್ಪಾ ಅಂದ್ರಂತೆ. ಅವನು ಒಳಗಿಂದ, 'ಹಗ್ಗ ಬಿಡೋದು ಹಾಗಲ್ಲ ಕಣ್ರೀ' ಅಂತ ಹೇಳಿಕೊಡೋಕೆ ಶುರು ಮಾಡಿದನಂತೆ."

"ಆಮೇಲೆ?" ಎಂದ ಅಪ್ಪ, ಗೊತ್ತಿದ್ದೂ.

"ಆಮೇಲೇನು? ಇನ್ನೂ ಹೇಳಿಕೊಡ್ತಾನೇ ಇದ್ದಾನೆ."

ಕೋಟಿನವರು ಹುಬ್ಬು ಗಂಟಿಕ್ಕಿದರು. "ಇದರಲ್ಲಿ ನಗೋದೇನಿದೆ? ಹಗ್ಗ ಬಿಡೋಕೂ ಒಂದು ಕ್ರಮ ಇರುತ್ತೆ. ಮೊದಲು ತುದಿಗೆ ಒಂದು ಗಂಟು ಹಾಕ್ಬೇಕು, ಆಮೇಲೆ..."

ಡ್ರೈವರ್ ಮಾಮನ ಹೆಗಲು ಅಲುಗಿತು. ಅಪ್ಪನ ಹೆಗಲೂ ಅಲುಗಿತು. ಮರುಕ್ಷಣ ಇಬ್ಬರೂ ಬಿದ್ದು ಬಿದ್ದು ನಗತೊಡಗಿದರು. ಕೋಟಿನವರು ಪೇಪರ್ ಮುಖಕ್ಕೆ ಅಡ್ಡ ಹಿಡಿದರು.

ಅಪ್ಪ ಕೋಟಿನವರನ್ನು ಕುರ್ಚಿಯಲ್ಲಿ ಕೂರಿಸಿಕೊಂಡ ಮೇಲೆ ಡ್ರೈವರ್ ಮಾಮ ಬಾಗಿಲಲ್ಲಿ ನಿಂತು ಕಾಲರ್ ಕೊಡವಿಕೊಂಡ. "ಪುಟ್ಟಾ, ನಿನ್ನ ಬೆಂಚಿನವಳು ಓಟಕ್ಕೆ ಬರಲ್ಲ ಅಂತ ಮುಖ ಊದಿಸ್ಕೊಂಡಿದ್ದಾಳೆ. ಯಾಕೆ ಅಂತ ಬಾಯಿ ಬಿಡ್ತಿಲ್ಲ. ನಿನಗೇನಾದ್ರೂ ಗೊತ್ತಾ?"

ಬುಗುರಿ ಪೊರಕೆಯ ಹಿಡಿಯನ್ನು ತಿರುಗಿಸಿದಳು. "ನಾನೇ ಮಾಮ. ಎಲ್ಲರ ಮುಂದೆ ಬಸವನಹುಳು ಜೋಕು ಹೇಳಿದೆ."

"ಅದನ್ನಾ?" ಅವನಿಗೆ ಆಶ್ಚರ್ಯವಾಯಿತು. "ಅದು ಅವಳಿಗೂ ಗೊತ್ತಲ್ಲ! ಮನೇಲಿ ನಾನು ತಡವಾಗಿ ಎದ್ರೆ ನನಗೇ ಹೇಳ್ತಾಳೆ."

"ಹಾಗಾದ್ರೆ ಬೇಜಾರು ಯಾಕೆ?"

ಡ್ರೈವರ್ ಮಾಮ ಯೋಚಿಸಿದ. ಒಳಗಿದ್ದ ಕೋಟಿನವರ ಕಡೆ ಒಮ್ಮೆ ನೋಡಿದ. "ಸರಿಯಾಗಿ ಹೇಳೋಕೆ ನನಗೂ ಬರಲ್ಲ ಪುಟ್ಟಾ" ಎಂದ. ಆಮೇಲೆ, "ಅವಳ ಪಾಳಿ ಬಂತಾ?" ಎಂದು ಕೇಳಿದ.

"ಇಲ್ಲ. ಬೆಲ್ ಆಯ್ತು."

"ಓ" ಎಂದ ಡ್ರೈವರ್ ಮಾಮ.

ಮರುದಿನ ಆಟದ ಪೀರಿಯಡ್‌ನಲ್ಲಿ ಹೊಸ ಹುಡುಗಿ ಮೈದಾನದ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಬುಗುರಿ ರಿಬ್ಬನ್ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂತಳು. ಹಿಂದಿನ ಬೆಂಚಿನ ಹುಡುಗ ಓಡುತ್ತ ಬಂದು ಸೈರನ್ ಕೂಗಿದ.

"ಸುಮ್ನಿರೋ!" ಎಂದಳು ಬುಗುರಿ. "ನಿನ್ನೆ ಮೊನ್ನೆ ಎಲ್ಲಾ ನಮ್ಮದೇ ಆಯ್ತು. ಈಗ ಇವಳ ಪಾಳಿ."

"ಏನು ಪಾಳಿ?" ಎಂದ ಅವನು.

"ಏನು ಪಾಳಿ?" ಎಂದು ಹೊಸ ಹುಡುಗಿಯೂ ಕೇಳಿದಳು.

"ಈಚೆಯವರ ಮೇಲೆ ಜೋಕು ಹೇಳು. ನಿನಗೆ ಗೊತ್ತಿರುತ್ತೆ. ನೀನು ಹೇಳೋವರೆಗೆ ನಾನು ಬಾಯಿ ಬಿಡಲ್ಲ."

ಬುಗುರಿ ನಿಜವಾಗಿಯೂ ಬಾಯಿ ಮುಚ್ಚಿಕೊಂಡಳು. ಅದು ಬಲು ಕಷ್ಟವಾಗಿತ್ತು. ಕೆನ್ನೆ ಉಬ್ಬಿತು. ಹೊಸ ಹುಡುಗಿ ಅವಳನ್ನು ನೋಡಿದಳು, ರಿಬ್ಬನ್ನನ್ನು ನೋಡಿದಳು.

"ಈಚೆ ದೇಶದಲ್ಲಿ ಮೂರು ಕಾಲಿನ ಓಟ ಮುಗಿಯೋದೇ ಇಲ್ವಂತೆ" ಎಂದಳು ಮೆಲ್ಲಗೆ. "ಯಾಕೆ ಗೊತ್ತಾ?"

ಬುಗುರಿ ಇಲ್ಲವೆಂದು ತಲೆಯಾಡಿಸಿದಳು.

"ಎರಡು ಕಾಲು ಓಡ್ತಾ ಇರುತ್ತೆ. ಮೂರನೇ ಕಾಲು ನಿಂತ್ಕೊಂಡು, 'ಹಾಗಲ್ಲ, ಹೀಗೆ' ಅಂತ ಹೇಳಿಕೊಡ್ತಾ ಇರುತ್ತೆ."

ಹಿಂದಿನ ಬೆಂಚಿನ ಹುಡುಗ ಕುಪ್ಪಳಿಸಿ ನಕ್ಕ. "ಬುಗುರಿ! ಇದು ನೀನೇ ಕಣೇ!"

ಬುಗುರಿಯೂ ನಕ್ಕಳು. ಜೋಕು ನಿಜವಾಗಿಯೂ ಚೆನ್ನಾಗಿತ್ತು. ಆದರೆ ನಗುತ್ತಿರುವಾಗಲೇ ಕುತ್ತಿಗೆಯ ಹತ್ತಿರ ಏನೋ ಸಣ್ಣದಾಗಿ ಚುಚ್ಚಿದಂತಾಯಿತು. ಅವಳು ಕಾಲರ್ ಒಳಗೆ ಬೆರಳು ಹಾಕಿ ಹುಡುಕಿದಳು. ಕೂದಲೇನೂ ಇರಲಿಲ್ಲ. ಕಟಿಂಗ್ ಆಗಿ ಎಷ್ಟೋ ದಿನಗಳಾಗಿದ್ದವು.

ತನ್ನ ತುಟಿ ಅಗಲವಾಗಿದೆ, ಹಲ್ಲು ಕಾಣುತ್ತಿದೆ ಎಂಬುದು ಕನ್ನಡಿ ಇಲ್ಲದೆಯೂ ಅವಳಿಗೆ ಗೊತ್ತಾಯಿತು.

ಹೊಸ ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೈ ಚಾಚಿ ರಿಬ್ಬನ್ ತೆಗೆದುಕೊಂಡು ಇಬ್ಬರ ಕಾಲಿಗೂ ಸುತ್ತಿದಳು. ಗಂಟು ಪಕ್ಕಕ್ಕೇ ಬಂತು.

ಬುಗುರಿ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

"ಯಾವ ಕಾಲು ಮೊದಲು?" ಎಂದು ಕೇಳಿದಳು.